ಪಿಸಿಓಎಸ್: ತಟ್ಟೆ, ಮಾತ್ರೆ, ಮೊದಲ ಒಂದು ವರ್ಷ

ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್‌ಗೆ ಊಟ ಬದಲಿಸಿ, ಮಾತ್ರೆ ಶುರು ಮಾಡಿದ ಮೊದಲ ಆರು ವಾರ ಹಲವರಿಗೆ ತೂಕದ ಯಂತ್ರ ಹೆಚ್ಚೇನೂ ಹೇಳುವುದಿಲ್ಲ. ಹೆಚ್ಚಿನವರು ಕೈಬಿಡುವುದು ಇಲ್ಲೇ. ‘ನನ್ನ ಮೈಗೆ ಏನು ಮಾಡಿದರೂ ಅಷ್ಟೆ’ ಅಂದುಕೊಂಡು ಮತ್ತೆ ಹಳೆಯ ದಾರಿ ಹಿಡಿಯುತ್ತಾರೆ. ಆದರೆ ಆ ಆರು ವಾರಗಳಲ್ಲಿ ಒಳಗೆ ಕೆಲಸ ನಡೆದಿರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಕಣ್ಣೆಳೆಯುತ್ತಿದ್ದ ನಿದ್ದೆ ಕಡಿಮೆಯಾಗುತ್ತದೆ. ಸಂಜೆ ನಾಲ್ಕು ಗಂಟೆಗೆ ಏನಾದರೂ ಸಿಹಿ ಬೇಕೇ ಬೇಕು ಅನ್ನುವ ತುಡಿತ ತಗ್ಗುತ್ತದೆ. ಚೂಡಿದಾರದ ಲಾಡಿ ಒಂದು ಬೆರಳಿನಷ್ಟು ಸಡಿಲವಾಗುತ್ತದೆ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಮುಟ್ಟು ನಲವತ್ತು ದಿನಕ್ಕೆ ಬರಬಹುದು. ಹಲವರಲ್ಲಿ ಇವೆಲ್ಲ ಆದಮೇಲೆ ಕೊನೆಗೆ ಕಣ್ಣಿಗೆ ಕಾಣುವುದು ತೂಕದ ಇಳಿಕೆ. ಈ ಸರದಿ ಗೊತ್ತಿದ್ದರೆ ಸಹನೆ ತಾನಾಗಿ ಬರುತ್ತದೆ. ಆದ್ದರಿಂದ ಮೊದಲ ದಿನವೇ ಒಂದು ಪುಸ್ತಕ ಇಟ್ಟುಕೊಂಡು ನಾಲ್ಕು ವಿಷಯ ಬರೆಯಬೇಕು: ಮುಟ್ಟಿನ ದಿನಾಂಕ, ಸೊಂಟದ ಸುತ್ತಳತೆ, ವಾರಕ್ಕೊಮ್ಮೆ ತೂಕ, ಮಾತ್ರೆಯ ಪ್ರಮಾಣ.

ಸೊಂಟ ಅಳೆಯುವುದು ಹೊಕ್ಕುಳಿನ ಮೇಲಲ್ಲ, ಲಾಡಿ ಕಟ್ಟುವ ಜಾಗದಲ್ಲೂ ಅಲ್ಲ. ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಡುಮಧ್ಯದಲ್ಲಿ, ಉಸಿರು ಬಿಟ್ಟಾಗ ಅಳೆಯಬೇಕು. ನಮ್ಮ ದೇಶದ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ತೂಕ ನೋಡುವುದು ವಾರಕ್ಕೊಂದೇ ದಿನ, ಬೆಳಿಗ್ಗೆ ಶೌಚವಾದ ಮೇಲೆ, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ. ಮುಟ್ಟಿಗೆ ಮುಂಚಿನ ವಾರ ಮೈಯಲ್ಲಿ ನೀರು ನಿಂತು ಒಂದೆರಡು ಕೆಜಿ ಜಾಸ್ತಿ ತೋರಿಸಬಹುದು. ಅದು ಕೊಬ್ಬಲ್ಲ. ಹೋದ ತಿಂಗಳ ಅದೇ ವಾರದ ತೂಕದ ಜೊತೆ ಹೋಲಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಪರೀಕ್ಷೆ ಮಾಡಿಸುವಾಗ ಎಡವುವ ಜಾಗಗಳು

ಸ್ಕ್ಯಾನ್ ವರದಿಯಲ್ಲಿ ‘ಪಾಲಿಸಿಸ್ಟಿಕ್’ ಅಂತ ಒಂದು ಪದ ಕಂಡ ಮಾತ್ರಕ್ಕೆ ಪಿಸಿಓಎಸ್ ಆಗುವುದಿಲ್ಲ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಇರಬೇಕು: ಮುಟ್ಟಿನ ಏರುಪೇರು, ಗಂಡಸಿನ ಹಾರ್ಮೋನು ಅನ್ನುವ ಆಂಡ್ರೋಜೆನ್ ಹೆಚ್ಚಿದ ಲಕ್ಷಣ ಅಥವಾ ರಕ್ತದಲ್ಲಿ ಅದರ ಪುರಾವೆ, ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಗಳು. ಮೊದಲೆರಡೂ ಇದ್ದರೆ ಸ್ಕ್ಯಾನ್ ಬೇಕಾಗುವುದೇ ಇಲ್ಲ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ (ಅಂಡಾಶಯದ ಸಣ್ಣ ಕೋಶಗಳು ಸ್ರವಿಸುವ ಹಾರ್ಮೋನು) ರಕ್ತಪರೀಕ್ಷೆಯನ್ನೂ ಒಪ್ಪುತ್ತದೆ. ಹೈಸ್ಕೂಲು, ಪಿಯುಸಿ ಓದುವ ಹುಡುಗಿಯರಿಗೆ ಇವೆರಡೂ ಸಲ್ಲವು, ಯಾಕೆಂದರೆ ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೇ ಕಾಣುತ್ತದೆ. ಜನ ‘ನೀರ್ಗುಳ್ಳೆ’ ಅನ್ನುವುದು ನಿಜಕ್ಕೂ ಗಡ್ಡೆಯಲ್ಲ. ಅವು ಅರ್ಧ ಬೆಳೆದು ನಿಂತ ಅಂಡಕೋಶಗಳು. ಅವನ್ನು ಕರಗಿಸುವ ಔಷಧಿ ಅಂತ ಮಾರುವುದನ್ನೆಲ್ಲ ದೂರವಿಡಿ.

ಥೈರಾಯ್ಡ್‌ನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, 17-ಓಎಚ್ ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ನೋಡುವುದು ಬೇರೆ ಕಾಯಿಲೆ ಅಲ್ಲ ಅಂತ ಖಚಿತಪಡಿಸಿಕೊಳ್ಳಲು. ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಒಂದು, ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ನುಂಗುತ್ತಿರುವವರು ಅದನ್ನು ಹೇಳದೆ ರಕ್ತ ಕೊಡುತ್ತಾರೆ. ಬಯೋಟಿನ್ ಹಲವು ಲ್ಯಾಬ್ ಯಂತ್ರಗಳ ಹಾರ್ಮೋನ್ ಫಲಿತಾಂಶವನ್ನು ಕೆಡಿಸುತ್ತದೆ, ಟಿಎಸ್‌ಎಚ್ ಸುಳ್ಳೇ ಕಡಿಮೆ ಬರಬಹುದು. ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಪ್ರಮಾಣ ದೊಡ್ಡದಿದ್ದರೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಇನ್ನೊಂದು, ಹಾರ್ಮೋನ್ ಮಾತ್ರೆ (ಗರ್ಭನಿರೋಧಕ ಮಾತ್ರೆ) ತೆಗೆದುಕೊಳ್ಳುತ್ತಿರುವಾಗಲೇ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸುವುದು. ಆ ಮಾತ್ರೆಯೇ ಅದನ್ನು ತಗ್ಗಿಸಿರುತ್ತದೆ, ವರದಿ ‘ನಾರ್ಮಲ್’ ಬರುತ್ತದೆ. ಸರಿಯಾದ ಉತ್ತರ ಬೇಕಾದರೆ ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಆಗಿರಬೇಕು, ಆ ಮೂರು ತಿಂಗಳಿಗೆ ಬೇರೆ ಗರ್ಭನಿರೋಧಕದ ಏರ್ಪಾಡು ಇರಬೇಕು.

ಸಕ್ಕರೆ ಪರೀಕ್ಷೆಯ ವಿಷಯದಲ್ಲಿ ಗಟ್ಟಿಯಾಗಿ ಕೇಳಿಕೊಳ್ಳಬೇಕಾದದ್ದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ, ಅಂದರೆ ಓಜಿಟಿಟಿ. ಪಿಸಿಓಎಸ್ ಇರುವವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 90 ಇದ್ದು, ಎರಡು ಗಂಟೆಯದು 160 ಬರುವುದುಂಟು. ಖಾಲಿ ಹೊಟ್ಟೆಯದನ್ನು ಮಾತ್ರ ನೋಡಿದರೆ ಇದು ತಪ್ಪಿಹೋಗುತ್ತದೆ. ಮೂರು ದಿನ ಎಂದಿನಂತೆ ಅನ್ನ, ಮುದ್ದೆ ಊಟ ಮಾಡಿರಬೇಕು. ಪರೀಕ್ಷೆಗೆ ಹೆದರಿ ಅನ್ನ ಬಿಟ್ಟವರಿಗೆ ಸಕ್ಕರೆ ಸುಳ್ಳೇ ಏರಿ ತೋರಿಸಬಹುದು. ರಾತ್ರಿ ಕನಿಷ್ಠ 8 ಗಂಟೆ ಉಪವಾಸ. ಗ್ಲೂಕೋಸ್ ನೀರನ್ನು ಐದು ನಿಮಿಷದೊಳಗೆ ಕುಡಿದು ಎರಡು ಗಂಟೆ ಸುಮ್ಮನೆ ಕೂತಿರಬೇಕು. ಕಾಫಿ ಇಲ್ಲ, ಓಡಾಟ ಇಲ್ಲ. ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ. ಎರಡು ಗಂಟೆಯದು 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 200 ಮತ್ತು ಮೇಲೆ ಬಂದರೆ ಸಕ್ಕರೆ ಕಾಯಿಲೆ. ಕೆಲವು ಕಡೆ ‘ಹೋಗಿ ತಿಂಡಿ ತಿಂದು ಬನ್ನಿ’ ಅನ್ನುತ್ತಾರೆ. ಅದು ಬೇರೆ ಪರೀಕ್ಷೆ. ದುಡ್ಡು ಕೊಟ್ಟು ಇನ್ಸುಲಿನ್ ಮಟ್ಟ, ಇನ್ಸುಲಿನ್ ಪ್ರತಿರೋಧ ಅಳೆಯುವ ಹೋಮಾ ಸೂಚ್ಯಂಕ ಅಂತೆಲ್ಲ ಮಾಡಿಸುವ ಅಗತ್ಯವಿಲ್ಲ. ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ ವೆಲ್ವೆಟ್ ಬಟ್ಟೆಯಂತೆ ದಪ್ಪಗೆ ಕಪ್ಪಾಗಿರುವ ಚರ್ಮವೇ ಇನ್ಸುಲಿನ್ ಪ್ರತಿರೋಧವನ್ನು ಹೇಳುತ್ತಿರುತ್ತದೆ. ಅದನ್ನು ಕೊಳೆ ಅಂತ ಸೋಪು, ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡ ಹುಡುಗಿಯರನ್ನು ನೋಡಿದಾಗ ಸಂಕಟವಾಗುತ್ತದೆ.

ಇನ್ಸುಲಿನ್ ಪ್ರತಿರೋಧ ಅಂದರೆ ಇಷ್ಟೇ: ಸ್ನಾಯು, ಯಕೃತ್ತು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಸುರಿಸುತ್ತದೆ. ಅಂಡಾಶಯ ಮಾತ್ರ ಆ ಹೆಚ್ಚಿದ ಇನ್ಸುಲಿನ್ನಿಗೆ ಚೆನ್ನಾಗಿಯೇ ಸ್ಪಂದಿಸಿ ಆಂಡ್ರೋಜೆನ್ ಹೆಚ್ಚು ತಯಾರಿಸುತ್ತದೆ. ಮೊಡವೆ, ಗಲ್ಲದ ಮೇಲಿನ ಗಡುಸು ಕೂದಲು, ನಡುನೆತ್ತಿಯಲ್ಲಿ ತೆಳುವಾಗುವ ಕೂದಲು, ತಡವಾಗುವ ಮುಟ್ಟು ಎಲ್ಲದಕ್ಕೂ ಅಲ್ಲಿಂದ ದಾರಿ. ಹೊಟ್ಟೆಯ ಕೊಬ್ಬು ಹೆಚ್ಚಿದಷ್ಟೂ ಪ್ರತಿರೋಧ ಹೆಚ್ಚುತ್ತದೆ. ಈ ಸುತ್ತು ಎಲ್ಲಿ ಸಿಕ್ಕರೆ ಅಲ್ಲಿ ತುಂಡರಿಸಬೇಕು.

ಗುರಿ ಎಷ್ಟು

ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. 158 ಸೆಂ.ಮೀ. ಎತ್ತರ, 72 ಕೆಜಿ ತೂಕದ ಮಹಿಳೆಯ ಬಿಎಂಐ 28.8. ಅವರಿಗೆ 57 ಕೆಜಿಗೆ ಬನ್ನಿ ಅನ್ನುವುದು ಚಾರ್ಟು ನೋಡಿ ಹೇಳುವ ಮಾತು. ಮೊದಲ ಗುರಿ ಶೇ 5, ಅಂದರೆ 3.6 ಕೆಜಿ. ಅಷ್ಟಕ್ಕೇ ಹಲವರಲ್ಲಿ ಮುಟ್ಟು ಹತ್ತಿರವಾಗುತ್ತದೆ, ಸಕ್ಕರೆ ತಗ್ಗುತ್ತದೆ. ಮೂರು ನಾಲ್ಕು ತಿಂಗಳು ಹಿಡಿಯಲಿ. ತೆಳ್ಳಗಿದ್ದೂ ಪಿಸಿಓಎಸ್ ಇರುವವರಿದ್ದಾರೆ. ಅವರಿಗೆ ತೂಕ ಇಳಿಸುವುದು ಚಿಕಿತ್ಸೆಯೇ ಅಲ್ಲ, ಇರುವ ತೂಕ ಏರದಂತೆ ನೋಡಿಕೊಂಡು ಸ್ನಾಯು ಬೆಳೆಸಿದರೆ ಸಾಕು. ಮತ್ತೆ, ಮುಚ್ಚಿಟ್ಟು ಒಮ್ಮೆಲೇ ರಾಶಿ ತಿನ್ನುವುದು, ಆಮೇಲೆ ಕಕ್ಕುವುದು, ದಿನಗಟ್ಟಲೆ ಉಪವಾಸ ಬೀಳುವುದು ಇಂಥ ಅಭ್ಯಾಸ ಇದ್ದವರು ಗ್ರಾಂ ಲೆಕ್ಕಕ್ಕೆ ಕೈಹಾಕಬೇಡಿ. ಅವರಿಗೆ ತಕ್ಕಡಿಯೇ ವಿಷವಾಗುತ್ತದೆ. ಮೊದಲು ಮಾನಸಿಕ ಆರೋಗ್ಯದ ಸಹಾಯ, ಆಮೇಲೆ ಊಟದ ಮಾತು.

ಅಡುಗೆಮನೆಯಲ್ಲಿ

ಕೀಟೋ, ಹಾಲು ಬಿಡುವುದು, ಗೋಧಿ ಬಿಡುವುದು ಇವುಗಳಲ್ಲಿ ಯಾವುದೂ ಪಿಸಿಓಎಸ್‌ಗೆ ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ. ವರ್ಷಗಟ್ಟಲೆ ನಡೆಸಬಹುದಾದ ಊಟವೇ ಸರಿಯಾದ ಊಟ. ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಮಾಡಬೇಕು, ಪ್ರೋಟೀನ್ ಕಡಿಮೆಯಾಗಬಾರದು. ನಮ್ಮ ಊಟದಲ್ಲಿ ಕಷ್ಟ ಇರುವುದು ಈ ಎರಡನೆಯದರಲ್ಲಿ.

ರಾಗಿಯಿಂದ ಶುರುಮಾಡೋಣ, ಯಾಕೆಂದರೆ ಮೋಸ ಹೋಗುವುದೂ ಅಲ್ಲೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಬಹಳ ಹೆಚ್ಚು, ನಿಜ. ಆದರೆ ರಾಗಿಯೂ ಪಿಷ್ಟವೇ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಪ್ರೋಟೀನ್ 7 ಗ್ರಾಂ ಮಾತ್ರ. ಅಡುಗೆಮನೆಯ ತಕ್ಕಡಿಯ ಮೇಲೆ ಮನೆಯ ಮಾಮೂಲಿ ಮುದ್ದೆಯ ಹಿಟ್ಟನ್ನು ಒಮ್ಮೆ ತೂಗಿ ನೋಡಿ. ಗಟ್ಟಿ ಕೆಲಸ ಮಾಡುವ ಮನೆಗಳಲ್ಲಿ ಒಂದು ಮುದ್ದೆಗೆ 120 ಗ್ರಾಂ ಹಿಟ್ಟು ಹೋಗಿರುತ್ತದೆ. ಕಂಪ್ಯೂಟರ್ ಮುಂದೆ ಕೂರುವವರಿಗೆ 60 ಗ್ರಾಂ ಸಾಕು. ಅದಕ್ಕೆ ಒಂದೂವರೆ ಲೋಟ ನೀರಿಟ್ಟರೆ ಹಿಟ್ಟು ಗಟ್ಟಿಯಾಗದೆ ಅಂಬಲಿಯಾಗುತ್ತದೆ. 150 ಮಿ.ಲೀ. ನೀರು ಕುದಿಸಿ, ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ, ಅದು ಉಕ್ಕಿದಾಗ ಉಳಿದ ಹಿಟ್ಟು ಸುರಿದು, ಕೋಲಿನಿಂದ ತೂತು ಮಾಡಿ, ಮುಚ್ಚಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ ತೊಳಸಬೇಕು. ಹಿಡಿಯೊಳಗೆ ಕೂರುವಷ್ಟು ಮುದ್ದೆಯಾಗುತ್ತದೆ. ತಟ್ಟೆಯಲ್ಲಿ ಬಡವಾಗಿ ಕಾಣುತ್ತದೆ ಅಂತ ಬೇಸರ ಬೇಡ. ಪಕ್ಕದಲ್ಲಿ ಬಸ್ಸಾರಿನ ಪಲ್ಯ ಒಂದು ಬಟ್ಟಲು ತುಂಬ ಇರಲಿ, ಸಾರಿನಲ್ಲಿ ಕಾಳು ಕಾಣುವಷ್ಟಿರಲಿ. ಅದೇ ರಾಗಿಯನ್ನು ನುಣ್ಣಗೆ ಹಾಲುಹಿಟ್ಟು ಮಾಡಿ, ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿದರೆ ಅಗಿಯುವುದೂ ಇಲ್ಲ, ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ, ಸಕ್ಕರೆ ಬೇಗ ಏರುತ್ತದೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅನ್ನುವ ನಂಬಿಕೆಯೂ ಇಲ್ಲಿ ಕೆಲಸಕ್ಕೆ ಬಾರದು, ಕ್ಯಾಲೊರಿ ಹೆಚ್ಚುಕಡಿಮೆ ಒಂದೇ.

72 ಕೆಜಿ ತೂಕಕ್ಕೆ ದಿನಕ್ಕೆ 70 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಂಡರೆ ಸಸ್ಯಾಹಾರಿ ಮನೆಯಲ್ಲಿ ಅದು ಹೇಗೆ ಬರುತ್ತದೆ ನೋಡಿ. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, 14 ಗ್ರಾಂ. ಜೊತೆಗೆ 150 ಗ್ರಾಂ ಮೊಸರು, 5. ಮಧ್ಯಾಹ್ನ ಸಣ್ಣ ಮುದ್ದೆಯಿಂದ 4, ಸಾರಿಗೆ ಹಾಕಿದ 40 ಗ್ರಾಂ ಹುರುಳಿ ಅಥವಾ ಅಲಸಂದೆಯಿಂದ 9, ಇನ್ನೊಂದು ಬಟ್ಟಲು ಮೊಸರಿನಿಂದ 5. ಸಂಜೆ 30 ಗ್ರಾಂ ಹುರಿಗಡಲೆಯಿಂದ 6, ಸಕ್ಕರೆಯಿಲ್ಲದ ಹಾಲು ಕಾಫಿಯಿಂದ 3. ರಾತ್ರಿ 50 ಗ್ರಾಂ ಹಿಟ್ಟಿನ ಎರಡು ಚಪಾತಿಯಿಂದ 5, 30 ಗ್ರಾಂ ಒಣ ಸೋಯಾ ಚಂಕ್ಸ್ ಪಲ್ಯದಿಂದ 15. ತರಕಾರಿ, ಸೊಪ್ಪಿನಿಂದ ನಾಲ್ಕೈದು. ಕೂಡಿದರೆ 70 ದಾಟುತ್ತದೆ, ಎಣ್ಣೆ ಹಿಡಿತದಲ್ಲಿದ್ದರೆ ಒಟ್ಟು ಸುಮಾರು 1500 ಕ್ಯಾಲೊರಿ. ಇದರಲ್ಲಿ ಒಂದು ತೆಗೆದರೂ ಲೆಕ್ಕ ಕುಸಿಯುತ್ತದೆ. ಇಡ್ಲಿ ತಿಂಡಿಯ ದಿನ ಹಾಗೇ ಆಗುವುದು: ನಾಲ್ಕು ಇಡ್ಲಿಯಲ್ಲಿ ಸಿಗುವುದು 8 ಗ್ರಾಂ ಆಸುಪಾಸು. ಆ ದಿನ ಎರಡು ಇಡ್ಲಿ, ಬೇಳೆ ಗಟ್ಟಿ ಇರುವ ಸಾಂಬಾರು ಒಂದು ಬಟ್ಟಲು. ಮೊಟ್ಟೆ ತಿನ್ನುವವರಿಗೆ ಸುಲಭ, ಒಂದರಲ್ಲಿ 6 ಗ್ರಾಂ. ಕರಾವಳಿಯವರಿಗೆ ಮೀನು ಇದೆ, ಎಣ್ಣೆಯಲ್ಲಿ ಮುಳುಗಿಸಿ ಕರಿಯದಿದ್ದರೆ ಅದಕ್ಕಿಂತ ಚೆನ್ನಾದದ್ದಿಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಹಸಿ ಸೊಪ್ಪು, ಮೊಸರಿನ ಊಟ ಹಾಗೇ ಎತ್ತಿಕೊಂಡರೂ ಸರಿ. ಮೂರು ರೊಟ್ಟಿ ಎರಡಾಗಲಿ, ಶೇಂಗಾ ಚಟ್ನಿಪುಡಿಯ ಮೇಲೆ ಸುರಿಯುವ ಎಣ್ಣೆಯನ್ನು ಚಮಚದಲ್ಲಿ ಅಳೆಯಲಿ.

ಎಣ್ಣೆಯನ್ನು ಕಣ್ಣಳತೆಗೆ ಬಿಡಬಾರದು. 15 ಮಿ.ಲೀ.ನ ಒಂದು ದೊಡ್ಡ ಚಮಚದಲ್ಲಿ ಸುಮಾರು 14 ಗ್ರಾಂ, 120 ಕ್ಯಾಲೊರಿ. ಅರ್ಧ ಲೀಟರ್ ಎಣ್ಣೆ ಒಬ್ಬರಿಗೆ ಒಂದು ತಿಂಗಳು ಬರಬೇಕು ಅಂತ ಲೆಕ್ಕ ಹಾಕಿದರೆ ದಿನಕ್ಕೆ 15 ಗ್ರಾಂ. ಕ್ಯಾಲೆಂಡರ್ ಮೇಲೆ ಪ್ಯಾಕೆಟ್ ಒಡೆದ ದಿನಾಂಕ ಬರೆದಿಡುವುದೇ ಅತ್ಯಂತ ಸುಲಭದ ಅಳತೆ. ಇನ್ನು ಕಾಫಿ: ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 30 ಗ್ರಾಂ, 120 ಕ್ಯಾಲೊರಿ. ಇದೊಂದನ್ನು ಎರಡು ವಾರದಲ್ಲಿ ಅರ್ಧರ್ಧ ಚಮಚ ಇಳಿಸುತ್ತಾ ಹೋದರೆ ನಾಲಿಗೆ ಒಪ್ಪಿಕೊಳ್ಳುತ್ತದೆ.

ತಿನ್ನುವ ಸರದಿಯೂ ಮುಖ್ಯ. ಮದುವೆ ಮನೆಯ ಎಲೆಯಲ್ಲಿ ಮೊದಲು ಬಡಿಸುವುದು ಕೋಸಂಬರಿ, ಪಲ್ಯ. ಅವನ್ನು ಅನ್ನ ಬರುವವರೆಗೆ ಮುಟ್ಟದೆ ಕೂರುತ್ತೇವೆ. ಮನೆಯಲ್ಲಿ ಹಾಗೆ ಕಾಯಬೇಡಿ. ಮೊದಲು ಕೋಸಂಬರಿ, ಪಲ್ಯ, ಕಾಳು ಮುಗಿಸಿ ಆಮೇಲೆ ಅನ್ನಕ್ಕೆ ಕೈಹಾಕಿದರೆ ಅಷ್ಟೇ ಅನ್ನಕ್ಕೆ ಸಕ್ಕರೆ ಕಡಿಮೆ ಏರುತ್ತದೆ. ಊಟವಾಗಿ ಹತ್ತು ಹದಿನೈದು ನಿಮಿಷ ನಡೆದರೆ ಇನ್ನೂ ಕಡಿಮೆ. ಏಕಾದಶಿ, ಸಂಕಷ್ಟಿಯ ‘ಉಪವಾಸ’ದ ದಿನ ಅನ್ನ ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಸಬ್ಬಕ್ಕಿ ಅಂತ ಹೋಗುವುದು ಪಿಸಿಓಎಸ್‌ಗೆ ಊಟ ಮಾಡಿದ ದಿನಕ್ಕಿಂತ ಕೆಟ್ಟದ್ದು. ವ್ರತ ಬಿಡಲಾಗದವರು ಹಾಲು, ಮೊಸರು, ಕಡಲೆಬೀಜ, ಹೆಸರುಬೇಳೆ ಕೋಸಂಬರಿಗೆ ಸಂಪ್ರದಾಯ ಒಪ್ಪುತ್ತದೆಯೇ ಮನೆಯಲ್ಲಿ ಕೇಳಿ ನೋಡಿ. ಪಿಜಿಯಲ್ಲಿರುವ ಹುಡುಗಿಯರ ಪಾಡು ಬೇರೆ: ಅಲ್ಲಿ ಬೆಳಿಗ್ಗೆ ಚಿತ್ರಾನ್ನ, ರಾತ್ರಿ ನೀರು ಸಾರು. ಒಂದು ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಮೊಟ್ಟೆ ಬೇಯುತ್ತದೆ, ಡಬ್ಬಿಯಲ್ಲಿ ಹೆಸರುಕಾಳು ಮೊಳಕೆ ಬರುತ್ತದೆ, ಹಾಲಿನ ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ಸಿಗುತ್ತದೆ. ಚಿತ್ರಾನ್ನ ಅರ್ಧ ತಟ್ಟೆ, ಇವು ಮೂರು ಜೊತೆಗೆ. ಅಷ್ಟರಲ್ಲೇ ತೂಕ ಇಳಿಸಿದವರಿದ್ದಾರೆ.

ವ್ಯಾಯಾಮದ ಬಗ್ಗೆ ಚಿಕ್ಕದಾಗಿ: ವಾರಕ್ಕೆ 150 ನಿಮಿಷ ಬಿರುನಡಿಗೆ ಕನಿಷ್ಠ, ತೂಕ ಇಳಿಯಬೇಕಾದರೆ 250. ಎರಡು ದಿನ ಭಾರ ಎತ್ತುವ ಕೆಲಸ ಬೇಕೇ ಬೇಕು, ಬಸ್ಕಿ ಹೊಡೆದರೂ ನೀರಿನ ಬಾಟಲಿ ಎತ್ತಿದರೂ ಸರಿ. ಸಕ್ಕರೆ ಹೀರುವುದು ಸ್ನಾಯು.

ಮೆಟ್‌ಫಾರ್ಮಿನ್ ಶುರುವಾದಾಗ

‘ಸಕ್ಕರೆ ಕಾಯಿಲೆಯೇ ಇಲ್ಲ, ಸಕ್ಕರೆ ಮಾತ್ರೆ ಯಾಕೆ?’ ಅನ್ನುವ ಪ್ರಶ್ನೆ ಮನೆಯಲ್ಲಿ ಎದ್ದೇ ಏಳುತ್ತದೆ. ಮೆಟ್‌ಫಾರ್ಮಿನ್ ಯಕೃತ್ತು ಸುಮ್ಮನೆ ಸಕ್ಕರೆ ಸುರಿಯುವುದನ್ನು ತಡೆಯುತ್ತದೆ, ಮೈ ಇನ್ಸುಲಿನ್ನಿಗೆ ಕಿವಿಗೊಡುವಂತೆ ಮಾಡುತ್ತದೆ. ಇದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ತೀರಾ ಅಪರೂಪ, ಚಟವೂ ಆಗುವುದಿಲ್ಲ. ಆದರೆ ಇದು ತೂಕ ಇಳಿಸುವ ಮಾತ್ರೆಯಲ್ಲ. ಊಟ ಬದಲಿಸಿದವರಿಗೆ ಮೇಲಿಂದ ಒಂದೆರಡು ಕೆಜಿ ಇಳಿಸಲು ನೆರವಾಗಬಹುದು, ಅಷ್ಟೇ. ಅದರ ನಿಜವಾದ ಕೆಲಸ ಸಕ್ಕರೆ ಕಾಯಿಲೆಯನ್ನು ದೂರ ತಳ್ಳುವುದು, ಮುಟ್ಟನ್ನು ಹತ್ತಿರ ತರುವುದು.

ಕಿಡ್ನಿಯ ಕ್ರಿಯಾಟಿನಿನ್ ನೋಡಿದ ಮೇಲೆ ಡಾಕ್ಟರು ಸಾಮಾನ್ಯವಾಗಿ 500 ಮಿ.ಗ್ರಾಂ. ಒಂದರಿಂದ ಶುರುಮಾಡಿ, ವಾರಕ್ಕೋ ಎರಡು ವಾರಕ್ಕೋ 500 ಏರಿಸುತ್ತಾ 1500ರಿಂದ 2000ಕ್ಕೆ ತರುತ್ತಾರೆ. ಅವಸರ ಮಾಡಿದವರಿಗೆ ಹೊಟ್ಟೆ ಕೆಡುತ್ತದೆ. ಮೊದಲ ಎರಡು ವಾರ ವಾಕರಿಕೆ, ಬೇಧಿ, ಬಾಯಲ್ಲಿ ತಾಮ್ರದ ಚೊಂಬಿನ ರುಚಿ ಬರುವುದು ಮಾಮೂಲು. ಇದನ್ನು ‘ಮೈಗೆ ಒಗ್ಗಲಿಲ್ಲ’ ಅಂತ ಓದಿಕೊಂಡು ಹತ್ತನೇ ದಿನಕ್ಕೆ ನಿಲ್ಲಿಸುವವರಿದ್ದಾರೆ. ನಿಲ್ಲಿಸುವ ಮೊದಲು ಮೂರು ವಿಷಯ ನೋಡಿ. ಮಾತ್ರೆಯನ್ನು ಊಟದ ಮೊದಲು ನುಂಗುತ್ತಿದ್ದೀರಾ? ಅರ್ಧ ಊಟವಾದಾಗ ನುಂಗಿ, ಮಿಕ್ಕರ್ಧ ಊಟ ಮಾಡಿ. ಆ ದಿನ ಕರಿದದ್ದು, ಸಿಹಿ ಹೆಚ್ಚಾಯಿತೇ? ಬೇಧಿ ಅದರಿಂದಲೂ ಜೋರಾಗುತ್ತದೆ. ಸ್ಟ್ರಿಪ್ ಮೇಲೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇದೆಯೇ? ಇಲ್ಲದಿದ್ದರೆ ಅದು ಒಮ್ಮೆಲೇ ಕರಗುವ ಬಗೆ. ನಿಧಾನಕ್ಕೆ ಕರಗುವ ಬಗೆಗೆ ಬದಲಿಸಿಕೊಡಿ ಅಂತ ಕೇಳಿದರೆ ಹಲವರಿಗೆ ಅಲ್ಲಿಗೇ ಪರಿಹಾರ. ಆದರೂ ತಡೆಯಲಾಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು ಎರಡು ವಾರ ನಿಲ್ಲಬಹುದು.

ಎಸ್‌ಆರ್ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಕೆಲವೊಮ್ಮೆ ಮಲದಲ್ಲಿ ಮಾತ್ರೆ ಇಡಿಯಾಗಿ ಬಿದ್ದಂತೆ ಕಂಡು ಗಾಬರಿಯಾಗುತ್ತದೆ. ಅದು ಮೆತ್ತಗಾದ ಖಾಲಿ ಹೊದಿಕೆ, ಒಳಗಿನ ಔಷಧಿ ಮೈಗೆ ಸೇರಿರುತ್ತದೆ. ಮತ್ತೆ ಒಂದು ನುಂಗಬೇಡಿ.

ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ ಇರುವುದರಿಂದ ಶುರುವಿನಲ್ಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸುವುದು ಲೇಸು. ಪಾದ ಜುಮ್ಮೆನ್ನುವುದು, ನಾಲಿಗೆ ನುಣ್ಣಗೆ ಕೆಂಪಾಗುವುದು ಅದರ ಗುರುತು. ವಾಂತಿಬೇಧಿ ಜೋರಾಗಿ ನೀರಿನಂಶ ಹೋದ ದಿನ ಮಾತ್ರೆ ತಡೆಹಿಡಿದು ಡಾಕ್ಟರಿಗೆ ಹೇಳಿ. ಸಿಟಿ ಸ್ಕ್ಯಾನ್‌ಗೆ ಡೈ ಹಾಕುವ ಮುಂಚೆಯೂ ಈ ಮಾತ್ರೆಯ ಹೆಸರು ಹೇಳಿ.

ಇನೋಸಿಟಾಲ್ ಅನ್ನುವ ಪೂರಕ ಪುಡಿಯನ್ನು ಈಗ ಬಹಳ ಮಂದಿಗೆ ಬರೆಯುತ್ತಾರೆ, ಅದರ ಎರಡು ಬಗೆಯಾದ ಮಯೋ ಮತ್ತು ಡಿ-ಕೈರೋ 40:1 ಪ್ರಮಾಣದಲ್ಲಿ. ಹಾನಿ ಕಡಿಮೆ, ತೂಕಕ್ಕೆ ಪ್ರಯೋಜನದ ಪುರಾವೆಯೂ ಕಡಿಮೆ. ಅದರ ತಿಂಗಳ ಖರ್ಚಿನಲ್ಲಿ ಸಾಕಷ್ಟು ಕಾಳು, ಮೊಟ್ಟೆ ಬರುತ್ತದೆ. ದುಡ್ಡು ಬಿಗಿ ಇದ್ದರೆ ಕಾಳು ಕೊಳ್ಳಿ ಅನ್ನುತ್ತೇನೆ.

ಹಾರ್ಮೋನ್ ಮಾತ್ರೆ, ಕೂದಲಿನ ಮಾತ್ರೆ

21 ದಿನದ ಹಾರ್ಮೋನ್ ಮಾತ್ರೆ ಮುಟ್ಟನ್ನು ಕ್ರಮಕ್ಕೆ ತರುತ್ತದೆ, ಆಂಡ್ರೋಜೆನ್ ತಗ್ಗಿಸುತ್ತದೆ. ಇನ್ಸುಲಿನ್ ಪ್ರತಿರೋಧವನ್ನು ಅದು ಸರಿಮಾಡುವುದಿಲ್ಲ. ಮಾತ್ರೆ ಮುಗಿದ ವಾರ ಬರುವ ರಕ್ತ ಔಷಧಿ ನಿಂತದ್ದಕ್ಕೆ ಬಂದದ್ದು, ಅಂಡ ಬಿಡುಗಡೆಯಾದ ಗುರುತಲ್ಲ. ಆರು ತಿಂಗಳು ತೆಗೆದುಕೊಂಡು ‘ವಾಸಿಯಾಯಿತು’ ಅಂತ ನಿಲ್ಲಿಸಿದಾಗ ಮುಟ್ಟು ಮತ್ತೆ ನಿಲ್ಲುವುದು ಇದಕ್ಕೇ. ಅರೆತಲೆನೋವಿನ ಮೊದಲು ಕಣ್ಣ ಮುಂದೆ ಬೆಳಕಿನ ಗೆರೆ ಕಾಣುವವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಬಿಪಿ ಹೆಚ್ಚಿರುವವರು, 35 ದಾಟಿ ಧೂಮಪಾನ ಮಾಡುವವರು ಇದನ್ನು ತೆಗೆದುಕೊಳ್ಳಬಾರದು. ಗೆಳತಿಯ ಚೀಟಿ ತೋರಿಸಿ ಕೊಳ್ಳುವ ಔಷಧಿ ಇದಲ್ಲ. ಮಾತ್ರೆಯಿಂದಲೇ ದಪ್ಪಗಾಗುತ್ತಾರೆ ಅನ್ನುವ ಭಯ ಮಾತ್ರ ಅತಿಯಾದದ್ದು.

ಹಾರ್ಮೋನ್ ಮಾತ್ರೆ ಬೇಡದವರೂ ಮುಟ್ಟನ್ನು 90 ದಿನಕ್ಕಿಂತ ಮುಂದೆ ಹೋಗಲು ಬಿಡಬಾರದು. ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋದರೆ ಮುಂದೆ ಕ್ಯಾನ್ಸರ್‌ಗೆ ದಾರಿಯಾಗಬಹುದು. ಅದಕ್ಕೇ ಡಾಕ್ಟರು ಹತ್ತು ದಿನದ ಪ್ರೊಜೆಸ್ಟರಾನ್ ಬಗೆಯ ಮಾತ್ರೆ ಕೊಟ್ಟು ಮುಟ್ಟು ತರಿಸುತ್ತಾರೆ.

ಮುಖದ ಕೂದಲಿಗೆ ಕೊಡುವ ಸ್ಪಿರೊನೊಲ್ಯಾಕ್ಟೋನ್ ಫಲ ಕಾಣಲು ಆರು ತಿಂಗಳು ಬೇಕು. ಅದನ್ನು ಗರ್ಭನಿರೋಧಕವಿಲ್ಲದೆ ತೆಗೆದುಕೊಳ್ಳುವಂತಿಲ್ಲ, ಗಂಡು ಭ್ರೂಣಕ್ಕೆ ತೊಂದರೆಯಾಗುತ್ತದೆ. ಅದು ಪೊಟ್ಯಾಸಿಯಂ ಹಿಡಿದಿಡುತ್ತದೆ. ಕಿಡ್ನಿ ತೊಂದರೆ ಇರುವವರು ದಿನಾ ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಕುಡಿಯುವ ಅಭ್ಯಾಸವನ್ನು ಡಾಕ್ಟರಿಗೆ ಹೇಳಲೇಬೇಕು.

ಇಂಜೆಕ್ಷನ್‌ಗಳು

ಹಸಿವು ತಗ್ಗಿಸಿ ತೂಕ ಇಳಿಸುವ ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಮೌಂಜಾರೋ ಹೆಸರಲ್ಲಿ 2025ರ ಮಾರ್ಚ್‌ನಲ್ಲಿ ಬಂತು, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ವೆಗೋವಿ ಹೆಸರಲ್ಲಿ ಜೂನ್‌ನಲ್ಲಿ. ಪಿಸಿಓಎಸ್ ಇರುವವರು ಕೇಳುವ ಮೊದಲ ಪ್ರಶ್ನೆಯೇ ಈಗ ಇದು. ಬೊಜ್ಜು ಹೆಚ್ಚಿದ್ದು, ಊಟ ಮತ್ತು ಮೆಟ್‌ಫಾರ್ಮಿನ್‌ನಿಂದ ಆಗದವರಿಗೆ ಇವು ನಿಜಕ್ಕೂ ಕೆಲಸ ಮಾಡುತ್ತವೆ, ಮೆಟ್‌ಫಾರ್ಮಿನ್‌ಗಿಂತ ಬಹಳ ಹೆಚ್ಚು. ಆದರೆ ಇವು ಪಿಸಿಓಎಸ್‌ಗೆಂದು ಒಪ್ಪಿಗೆ ಪಡೆದ ಔಷಧಿಗಳಲ್ಲ, ಬೊಜ್ಜಿಗೆ, ಸಕ್ಕರೆ ಕಾಯಿಲೆಗೆ ಪಡೆದವು.

ವಾರಕ್ಕೊಮ್ಮೆ ಚುಚ್ಚುವುದು. ಸೆಮಾಗ್ಲುಟೈಡ್ 0.25 ಮಿ.ಗ್ರಾಂ.ನಿಂದ, ಟಿರ್ಜೆಪಟೈಡ್ 2.5 ಮಿ.ಗ್ರಾಂ.ನಿಂದ ಶುರು, ನಾಲ್ಕು ನಾಲ್ಕು ವಾರಕ್ಕೆ ಮೆಟ್ಟಿಲು. ಮೊದಲ ಮೆಟ್ಟಿಲು ತೂಕಕ್ಕಲ್ಲ, ಹೊಟ್ಟೆಗೆ ಅಭ್ಯಾಸವಾಗಲಿ ಅಂತ. ಹಸಿವು ಸತ್ತುಹೋಗುವುದರಿಂದ ದಿನಕ್ಕೆ ಎರಡು ಬಿಸ್ಕತ್ತು, ಒಂದು ಕಾಫಿಯಲ್ಲಿ ದಿನ ದೂಡುವವರಿದ್ದಾರೆ. ತೂಕ ಇಳಿಯುತ್ತದೆ, ಇಳಿದದ್ದರಲ್ಲಿ ಸ್ನಾಯು ಎಷ್ಟು ಹೋಯಿತೋ. ಮೇಲೆ ಹೇಳಿದ 70 ಗ್ರಾಂ ಲೆಕ್ಕ ಇಲ್ಲಿ ಇನ್ನೂ ಕಟ್ಟುನಿಟ್ಟು: ತಟ್ಟೆಯಲ್ಲಿ ಮೊದಲು ಮುಗಿಯಬೇಕಾದದ್ದು ಕಾಳು, ಮೊಟ್ಟೆ, ಮೊಸರು. ತೂಕ ಬೇಗ ಇಳಿದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ತಲೆಯ ಎಲ್ಲ ಕಡೆಯಿಂದ ಉದುರಿದರೆ ಅದು ತಾತ್ಕಾಲಿಕ, ಬೈತಲೆ ಮಾತ್ರ ಅಗಲವಾಗುತ್ತಿದ್ದರೆ ಪಿಸಿಓಎಸ್‌ನದು.

ಕೆಲವು ಎಚ್ಚರಿಕೆ. ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಬಾಯಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಶುರುಮಾಡಿದ ನಾಲ್ಕು ವಾರ, ಪ್ರತಿ ಬಾರಿ ಪ್ರಮಾಣ ಏರಿಸಿದ ಮೇಲೆ ನಾಲ್ಕು ವಾರ ಕಾಂಡೋಮ್ ಜೊತೆಗಿರಬೇಕು. ಮಗು ಬೇಕೆಂದುಕೊಂಡವರು ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಿರಬೇಕು. ಮೇದೋಜೀರಕದ ಉರಿಯೂತ ಆಗಿದ್ದವರು, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರು ಮೊದಲೇ ಹೇಳಿಬಿಡಿ. ನಿಲ್ಲಿಸಿದ ಮೇಲೆ ಹಸಿವು ಮರಳುತ್ತದೆ, ತೂಕವೂ ಮರಳುತ್ತದೆ. ಎಷ್ಟು ಕಾಲ ತೆಗೆದುಕೊಳ್ಳಲು ಆದೀತು ಅನ್ನುವ ಲೆಕ್ಕ ಮೊದಲ ಪೆನ್ ಕೊಳ್ಳುವ ಮುಂಚೆಯೇ ಆಗಬೇಕು.

ತೂಕ ನಿಂತುಹೋದಾಗ

ನಾಲ್ಕನೇ ತಿಂಗಳ ಹೊತ್ತಿಗೆ ತೂಕ ನಿಂತಲ್ಲೇ ನಿಲ್ಲುತ್ತದೆ. ಮೈ ಹಗುರಾದಂತೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗಿರುತ್ತದೆ, ಅಳತೆಯ ಚಮಚವೂ ಅಷ್ಟರಲ್ಲಿ ಎಲ್ಲೋ ಮೂಲೆ ಸೇರಿರುತ್ತದೆ. ಒಂದು ವಾರ ಮತ್ತೆ ಎಣ್ಣೆ, ಹಿಟ್ಟು, ಅಕ್ಕಿ ತೂಗಿ ನೋಡಿ, ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ನಿದ್ದೆ ನೋಡಿ. ಗೊರಕೆ ಜೋರಾಗಿದ್ದು, ಎಂಟು ಗಂಟೆ ಮಲಗಿಯೂ ಬೆಳಿಗ್ಗೆ ತಲೆಭಾರ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಪರೀಕ್ಷೆ ಬೇಕು, ಪಿಸಿಓಎಸ್‌ನಲ್ಲಿ ಅದು ಹೆಚ್ಚು. ಮನಸ್ಸು ಕುಗ್ಗಿದ್ದರೆ ಅದನ್ನೂ ಹೇಳಿ. ಡಾಕ್ಟರ ಕೋಣೆಯಲ್ಲಿ ‘ಮೊದಲು ತೂಕ ಇಳಿಸಿ ಬಾ’ ಅಂತ ಒಂದೇ ಸಾಲು ಕೇಳಿ ಹೊರಬಂದವರಿಗೆ ಇನ್ನೊಬ್ಬ ಡಾಕ್ಟರನ್ನು ಹುಡುಕುವ ಹಕ್ಕಿದೆ. ಹೇಗೆ ಇಳಿಸಬೇಕು ಅಂತ ಹೇಳುವುದೂ ಚಿಕಿತ್ಸೆಯ ಭಾಗವೇ.

ಇನ್ನೊಂದು ವಿಷಯವನ್ನು ಬಹಳ ಮಂದಿಗೆ ಯಾರೂ ಹೇಳಿರುವುದಿಲ್ಲ. ಮೂರೂವರೆ ಕೆಜಿ ಇಳಿದು, ಮೆಟ್‌ಫಾರ್ಮಿನ್ ನೆಲೆಗೆ ಬಂದ ಮೇಲೆ ಅಂಡ ಬಿಡುಗಡೆ ಸದ್ದಿಲ್ಲದೆ ಮರಳಿರಬಹುದು, ಅದೂ ಮೊದಲ ಮುಟ್ಟು ಬರುವ ಎರಡು ವಾರ ಮುಂಚೆ. ‘ನನಗೆ ಹೇಗೂ ಮಕ್ಕಳಾಗುವುದು ಕಷ್ಟ’ ಅಂದುಕೊಂಡು ಗರ್ಭನಿರೋಧಕ ಬಿಟ್ಟಿರುವವರು ಸಿಕ್ಕಿಬೀಳುವುದು ಆಗಲೇ. ಹೋದ ವರ್ಷ ಮುಟ್ಟು ತಪ್ಪಿದರೆ ಅದು ಪಿಸಿಓಎಸ್ ಆಗಿತ್ತು. ಈಗ ತಪ್ಪಿದರೆ, ಬೀರುವಿನಲ್ಲಿ ಉಳಿದಿರುವ ಹತ್ತು ದಿನದ ಮುಟ್ಟು ತರಿಸುವ ಮಾತ್ರೆಗೆ ಕೈಹಾಕುವ ಮೊದಲು ಬೆಳಗಿನ ಮೊದಲ ಮೂತ್ರದಲ್ಲಿ ಗರ್ಭಪರೀಕ್ಷೆಯ ಕಡ್ಡಿ ಅದ್ದಿ ನೋಡಿ. ಒಂದೇ ಗೆರೆ ಬಂದರೆ ವಾರ ಬಿಟ್ಟು ಇನ್ನೊಮ್ಮೆ ನೋಡಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ. ಎರಡು ಗೆರೆ ಬಂದರೆ ಸ್ಪಿರೊನೊಲ್ಯಾಕ್ಟೋನ್, ಇಂಜೆಕ್ಷನ್ ಅಂದೇ ನಿಲ್ಲಿಸಿ, ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಅಂತ ಅದೇ ದಿನ ಕೇಳಿ.